ಏಳು ಗಜ

ಕುಂಬಳೆ ಪೇಟೆ, ಮೀನು ಮಾರ್ಕೆಟ್ಟಿನ ಹಿಂದಿನ ಓಣಿ,
ಟೈಲರ್ ಕುಂಞಣ್ಣನ ಅಂಗಡಿ.
ಮೂರು ಹೆಜ್ಜೆ ಅಗಲ, ಎರಡು ಮಿಷನ್ನು,
ಕಾಜಕ್ಕೆ ನಾನು.

ಸಫೂರಾ ಬಂದಳು. ಕಾರ್ಕ್ ಎಂಬ ಊರಿನ ಆಸ್ಪತ್ರೆಯಲ್ಲಿ
ಒಂಬತ್ತು ವರ್ಷದಿಂದ ನರ್ಸು,
ತಮ್ಮನ ಮದುವೆಗೆ ಹದಿನೈದು ದಿನ ರಜೆ.
ಹಿಂದೆಯೇ, ಬಾಗಿಲಿಗೆ ತಲೆ ತಗ್ಗಿಸಿ,
ಕೆಂಗೂದಲಿನ ಒಬ್ಬ ಉದ್ದಾಳು, ಫಿಂಟನ್,
ಅದೇ ಆಸ್ಪತ್ರೆಯಲ್ಲಿ ರೋಗಿಗಳ ಮಂಚ ನೂಕುವವ.

"ನಾಳೆ ನಿಕಾಹಿಗೆ ಇದನ್ನೇ ಉಡುತ್ತಾನಂತೆ, ಕುಂಞಣ್ಣ.
ಪೆಟ್ಟಿಗೆಯ ಜಿಪ್ಪು ಕಚ್ಚಿ ಹರಿದಿದೆ."

ಬಿಡಿಸಿ ಹರಡಿದರೆ ಮೇಜು ಸಾಲದು.
ದಪ್ಪ ಉಣ್ಣೆ. ಹಿಂದೆ ಪೂರಾ ನೆರಿಗೆ, ಮುಂದೆ ಬೋಳು.
ಬಣ್ಣ...
ಅಲ್ಲಿ ಎಲ್ಲರ ಬಾಯಿ ನಿಂತಿತು.
ನಮ್ಮ ಪೇಟೆಯಲ್ಲಿ ಆ ಬಣ್ಣ ಕಂಡರೆ
ಉಟ್ಟವನ ಹೆಸರು ಕೇಳುತ್ತಾರೆ ಮೊದಲು.
ಚಹಾ ತಂದ ಹುಡುಗ ಗ್ಲಾಸು ಇಡುವುದನ್ನು ಮರೆತು
"ಇದು ಯಾವ ಭೂತದ್ದು?" ಅಂದ.

ಕುಂಞಣ್ಣನೂ ಉಟ್ಟದ್ದು ಕಾವಿ ಮುಂಡು,
ಮೊಣಕಾಲಿಗೆ ಎತ್ತಿ ಕಟ್ಟಿದ್ದು.
ಕೊಳೆ ಕಾಣಬಾರದೆಂದು ಉಟ್ಟದ್ದು, ಅಷ್ಟೆ.
ಫಿಂಟನ್ ಆ ಮೊಣಕಾಲು ನೋಡಿದ,
ತನ್ನ ಮೊಣಕಾಲು ಮುಟ್ಟಿ ನಕ್ಕ.

ಸೂಜಿ ಓಡುತ್ತಿರಲು ಅವನು ಹೇಳಿದ, ಸಫೂರಾ ದಾಟಿಸಿದಳು:
ಅವರ ಹಳಬರದು ಕೇಸರಿ ಅದ್ದಿದ ನಾರಿನ ಅಂಗಿ,
ತೋಳು ನೆಲಕ್ಕೆ ಜೋಲುವಷ್ಟು ಅಗಲ,
ಒಂದೊಂದಕ್ಕೆ ಮೂವತ್ತು ಗಜ ಬಟ್ಟೆ ಎಂದು ಮಾತು.
ಬಡವರಿಗೆ ಕೇಸರಿ ಎಲ್ಲಿಂದ? ಬಂಡೆಯ ಮೇಲಿನ ಹಾವಸೆ ಕೆರೆದು ಕುದಿಸುತ್ತಿದ್ದರೇನೋ.
ಆಮೇಲೆ ಕಡಲಾಚೆಯ ರಾಜನ ಕಟ್ಟಳೆ:
ಆ ಬಣ್ಣ ಕೂಡದು. ಏಳು ಗಜ ಮೀರಕೂಡದು.

ಕುಂಞಣ್ಣ ಮಿಷನ್ನು ನಿಲ್ಲಿಸಿದ.
"ಏಳು ಗಜ! ಟೇಪು ಹಿಡಿಯುವುದು ನಮ್ಮ ಕೆಲಸ,
ರಾಜನಿಗೇಕಪ್ಪ?"
ಚೂರು ಹೊತ್ತು ಬಿಟ್ಟು, ತಗ್ಗಿದ ದನಿಯಲ್ಲಿ,
"ಮಾತನ್ನೂ ಅಳೆದರೋ, ಕೇಳು."

ಅಳೆದರು. ಅಜ್ಜಿಗೆ ಇತ್ತಂತೆ ಆ ಭಾಷೆ, ಅಮ್ಮನಿಗೆ ಅರ್ಧ.
ತನಗೆ ಹತ್ತರವರೆಗೆ ಎಣಿಕೆ ಮಾತ್ರ.
"ಎಣಿಸಲಿ ಹಾಗಾದರೆ," ಎಂದು ಕುಂಞಣ್ಣ
ನೆರಿಗೆಯ ಮೇಲೆ ಅವನ ಬೆರಳಿಟ್ಟ.
ಅ ಹೇನ್, ಅ ದೋ, ಅ ತ್ರೀ...
ದೋ ಎಂದಾಗ ತಲೆ ಎತ್ತಿದೆ:
ಉಪ್ಪಳದ ಉರ್ದು ಮನೆಗಳ ಎರಡೂ ಅದೇ.
ಒಂಜಿ, ರಡ್ಡ್, ಮೂಜಿ, ಕುಂಞಣ್ಣ ಆ ಕಡೆಯಿಂದ.
ಅವನದು ಹತ್ತಕ್ಕೆ ಮುಗಿದು ಮತ್ತೆ ಒಂದರಿಂದ ಶುರು.
ಎದುರು ಗೋಡೆಯ ಬೋರ್ಡಿನಲ್ಲಿ ಮಲಯಾಳ ಹೊಸದು,
ಅದರ ಕೆಳಗೆ ಸುಣ್ಣ ಮುಚ್ಚಿದ ನಮ್ಮ ಅಕ್ಷರ
ಮಳೆಗಾಲದಲ್ಲಿ ಮಾತ್ರ ಮೇಲೆ ಬರುತ್ತದೆ.

ಇಬ್ಬರ ಲೆಕ್ಕ ತಾಳೆಯಾಗಲಿಲ್ಲ.
ಅವನಿಗೆ ಇಪ್ಪತ್ತಾರು, ಇವನಿಗೆ ಇಪ್ಪತ್ತೇಳು.

"ಇನ್ನೊಂದು ಮಾತು," ಎಂದ ಫಿಂಟನ್, ಕಿವಿ ಕೆಂಪು.
"ಅಂಗಿ ಹಳೆಯದು ನಿಜ. ಈ ಲಂಗ ಅಷ್ಟು ಹಳೆಯದಲ್ಲ.
ನೂರು ಚಿಲ್ಲರೆ ವರ್ಷದ ಕೆಳಗೆ
ನಮಗೂ ಒಂದು ಉಡುಪು ಬೇಕೆಂದು
ಯಾರೋ ಕೂತು ಮಾಡಿಕೊಂಡದ್ದು."
ಕುಂಞಣ್ಣ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕ:
"ಹೊಲಿದದ್ದು ಯಾವಾಗಲೂ ಯಾರೋ ಒಬ್ಬ ಟೈಲರನೇ, ಹೇಳು ಅವನಿಗೆ."

ನೂಲು ಮಾತ್ರ ಹೊಂದಲಿಲ್ಲ.
ಡಬ್ಬಿಯ ಕಿತ್ತಳೆ ಕಣ್ಣಿಗೆ ಹೊಡೆಯುವಂಥದು.
ಕುಂಞಣ್ಣ ತನ್ನ ಮುಂಡಿನ ಅಂಚಿನಿಂದ
ಹದಿಮೂರು ಒಗೆತ ಕಂಡ ಎಳೆಯೊಂದನ್ನು ಜಗ್ಗಿ ತೆಗೆದ.
ಕೂಡಿತು.

ಬಿಲ್ಲಿನಲ್ಲಿ ಬರೆಯುವ ಕೆಲಸ ನನ್ನದು.
ಲಂಗ ಎಂದು ಬರೆದು ಹೊಡೆದೆ.
ಪಾವಡ, ಅದೂ ಹೊಡೆದೆ. ಮುಂಡು.
ಬಣ್ಣದ ಕಲಮಿನಲ್ಲಿ ಪೆನ್ನು ತಡೆಯಿತು.
"ನಲವತ್ತು ರೂಪಾಯಿ ಬರೆ," ಎಂದ ಕುಂಞಣ್ಣ,
"ಉಳಿದದ್ದು ಅವರವರ ಕಣ್ಣಿಗೆ ಬಿಡು."

ಮಾರನೆಯ ದಿನ ಮದುವೆಮನೆ ಕಡೆಯಿಂದ
ಗಾಳಿಚೀಲದ ವಾದ್ಯ ಕೇಳಿತು, ದಫ್ಫಿನ ಜೊತೆಗೆ, ತಾಳ ತಪ್ಪಿ.
ಕುಂಞಣ್ಣ ಬಾಗಿಲಲ್ಲಿ ನಿಂತಿದ್ದ,
ಮುಂಡಿನ ಅಂಚು ಒಂದು ಕಡೆ ಬಿಚ್ಚಿ
ಕಾಲಿಗೆ ತಾಗುತ್ತಿತ್ತು.
"ಇಪ್ಪತ್ತೇಳೇ," ಎಂದ.