ನಷ್ಟದ ವಹಿ

ತಿಂಗಳಿಗೆ ಎರಡು ಸಲ ಸುಪೆಯ ಮಾಳಕ್ಕೆ ಹೋಗುತ್ತೇನೆ,
ಪುಣೆಯಿಂದ ಕೆಂಪು ಬಸ್ಸು, ಆಮೇಲೆ ಯಾರದಾದರೂ ಬೈಕು,
ಬಗಲಲ್ಲಿ ಉದ್ದನೆಯ ವಹಿ.
ದಿನಾಂಕ. ಕುರಿಯವರ ಹೆಸರು.
ಸತ್ತದ್ದು ಮರಿಯೋ, ಟಗರೋ, ಗಬ್ಬದ ಕುರಿಯೋ.
ಕೊಂದದ್ದು ಯಾರು.
ಕೊನೆಗೊಂದು ಅಗಲ ಖಾನೆ: ಷರಾ.

ತೋಳ ಹಿಡಿದರೆ ಸಂಸ್ಥೆ ಹಣ ಕೊಡುತ್ತದೆ,
ಎರಡೇ ದಿನದಲ್ಲಿ, ಕೈಗೇ.
ಬದಲಿಗೆ ಯಾರೂ ಬಿಲಕ್ಕೆ ಹೊಗೆ ಹಾಕಬಾರದು,
ಸತ್ತ ಕುರಿಗೆ ವಿಷ ಸವರಬಾರದು.
ಇಷ್ಟೇ ಕರಾರು.
ಹೆಂಗಸರು ನೂತ ಕರಿ ಉಣ್ಣೆ,
ಹುಣಸೆಬೀಜದ ಗಂಜಿ ಕುಡಿದ ಕಂಬಳಿ,
ಅದನ್ನು ಶಹರದಲ್ಲಿ ಮಾರುವವರೂ ನಾವೇ;
ಅಂಚಿಗೆ ಕಟ್ಟಿದ ಚೀಟಿಯಲ್ಲಿ ಪುಟ್ಟ ತೋಳದ ಚಿತ್ರ.
ಕೊಂಡವರು ಮೂಸಿ, ಕುರಿ ವಾಸನೆ ಎಂದು
ಮೊದಲ ವರ್ಷ ಅರ್ಧ ವಾಪಸು ಕಳಿಸಿದರು.
ಠಕೂಬಾಯಿ ಕೇಳಿದಳು:
ಮತ್ತ ಯಾರ ವಾಸನಿ ಬರಬೇಕಿತ್ತಂತ?

ಠಕೂಬಾಯಿ ಕೋಕರೆಯ ತಾಯಿ ಜತ್ತದ ಕಡೆಯವಳು.
ನನ್ನದು ಇಂಡಿ ಎಂದ ದಿನ
ಮುದುಕಿಯ ಮಾತು ಮರಾಠಿಯಿಂದೆದ್ದು
ಕುಂಟುತ್ತ ಕುಂಟುತ್ತ ಕನ್ನಡಕ್ಕೆ ಬಂತು.
ಎಣಿಕೆ ಮಾತ್ರ ಕುಂಟುವುದಿಲ್ಲ.
ಸಂಜೆ ದೊಡ್ಡಿಯ ಬಾಯಲ್ಲಿ ನಿಂತು
ಒಂದೊಂದೇ ಬೆನ್ನು ಮುಟ್ಟಿ ಒಳಬಿಡುತ್ತಾಳೆ:
ಲಾಭ, ಎರಡು, ಮೂರು, ನಾಕು...
ಒಂದು ಅನ್ನುವುದಿಲ್ಲ.
ಕಣದಲ್ಲಿ ಜೋಳ ಅಳೆಯುವಾಗ ನನ್ನಜ್ಜನೂ ಅನ್ನುತ್ತಿರಲಿಲ್ಲ.

ಈ ಸಲ ಗೋಣಿಯ ಕೆಳಗೆ ಎರಡು ಮರಿ.
ನೊಣ ಆಗಲೇ ಬಂದಿದ್ದವು.
ಕೊಂದದ್ದು ಯಾರು ಎಂಬಲ್ಲಿ
ನಾನು 'ತೋ' ಬರೆದಿದ್ದೆ, ಅಷ್ಟರಲ್ಲಿ
ಉಣ್ಣೆಯ ಜಿಡ್ಡಿನ ಕೈ ಕಾಗದದ ಮೇಲೆ ಬಂತು.
ಕುತಗಿ ನೋಡು, ಎಲ್ಲೈತಿ ಹಲ್ಲು?
ಹಿಂಗಾಲು ಹರದಾವ. ತಿಂದಿಲ್ಲ, ಆಡ್ಯಾವ.
ನಾಯಿ ಅಂತ ಬರಿ.

ನಾಯಿಗೆ ಹಣವಿಲ್ಲ.
ಅದು ಅವಳಿಗೂ ಗೊತ್ತು, ಮಗ ಮಲ್ಹಾರಿಗೂ ಗೊತ್ತು.
ಅವನು 'ಆಯೇ' ಅಂದ, ಮುಂದೆ ಮಾತಾಡಲಿಲ್ಲ.
ಯಾರಿಗೆ ತಿಳಿಯುತ್ತದೆ, ನಾನೇ ತಗ್ಗಿದ ದನಿಯಲ್ಲಿ ಹೇಳಿದೆ,
ಹೇಳಿ ನಾಚಿದೆ.
ಅದಕ್ಕ ತಿಳಿಯಂಗಿಲ್ಲ, ಅಂದಳು,
ಮಾಡದ ಕೊಲಿ ಹೊರಿಸಿದರ ಅದಕ್ಕೇನು ತಿಳೀತದ.
ನನಗ ತಿಳೀತದ.

'ತೋ' ಹೊಡೆದುಹಾಕಿ 'ನಾಯಿ' ಬರೆದೆ.
ಎಲ್ಲಿಂದ ಬಂದಾವ, ಅದನ್ನೂ ಬರಿ:
ಹೈವೇ ಧಾಬಾದ ಹಿಂದ ಕೋಳಿ ಕರುಳು ಸುರೀತಾರ,
ಅಲ್ಲಿಂದ.

ಹೊತ್ತು ಇಳಿದ ಮೇಲೆ ನನ್ನನ್ನು ಕರೆದೊಯ್ದಳು.
ಹುಲ್ಲಿನ ನಡುವೆ ಸುಣ್ಣ ಬಳಿದ ಕಲ್ಲುಗಳು,
ಪ್ಲಾಟ್ ನಲವತ್ತೊಂದು, ನಲವತ್ತೆರಡು,
ಕಮಾನು ಎದ್ದಿದೆ, ಮನೆ ಒಂದೂ ಇಲ್ಲ.
ಅದರಾಚೆ ಒಣಹಳ್ಳ. ಕೂಡು, ಅಂದಳು, ಕೆಮ್ಮಬ್ಯಾಡ.
ನನಗೆ ಕಂಡದ್ದು ಬರೀ ಮಣ್ಣಿನ ಬಣ್ಣ.
ಆಮೇಲೆ ಮಣ್ಣಿಗೆ ಕಿವಿ ಮೂಡಿತು.
ತಾಯಿ ತೋಳ ನಮ್ಮ ಕಡೆ ನೋಡಿತು,
ಬಾಕಿ ಇರುವವರ ಕಡೆ ನೋಡುವ ಹಾಗೆ,
ಅಥವಾ ನೋಡಲೇ ಇಲ್ಲ.
ಬಿಲದಿಂದ ಒಂದು ಮೂತಿ ಬಂತು, ಮತ್ತೊಂದರ ಮೇಲೆ ಬಿತ್ತು.

ಠಕೂಬಾಯಿಯ ಬೆರಳು ಮಡಿಲಲ್ಲೇ ಅಲುಗಿತು.
ಲಾಭ, ಅಂದಳು. ಎರಡು. ಮೂರು.
ನಾಕನೆಯದಕ್ಕೆ ಬಹಳ ಹೊತ್ತು ಕಾದೆವು.
ಹೋದ ವರುಷ ಐದು ಇದ್ದವಂತೆ.

ಕತ್ತಲಲ್ಲಿ, ಮೊಬೈಲಿನ ಬೆಳಕಿಗೆ ಷರಾ ತುಂಬಿದೆ.
ಮೊಬಲಗು: ಇಲ್ಲ.
ಕೇತಕಿ ಆಫೀಸಿನಲ್ಲಿ ಕೇಳುತ್ತಾಳೆ, ಗೊತ್ತು,
ನಷ್ಟದ ವಹಿಯಲ್ಲಿ ಲಾಭ ಯಾಕಿದೆ,
ಇದನ್ನು ಯಾವುದರ ಜೊತೆ ಕೂಡಿಸಲಿ?
ಉತ್ತರ ಇನ್ನೂ ಹೊಳೆದಿಲ್ಲ.

ಕೊನೆಯ ಬಸ್ಸಿಗೆ ಮಲ್ಹಾರಿ ಬಿಟ್ಟ.
ಚಳಿ ಅಂತ ಮುದುಕಿ ಹೊದಿಸಿದ್ದು
ಶಹರದಿಂದ ತಿರುಗಿ ಬಂದ ಕಂಬಳಿಗಳಲ್ಲೊಂದು,
ತೋಳದ ಚೀಟಿ ಇನ್ನೂ ತೂಗಾಡುತ್ತಿತ್ತು.
ಪಕ್ಕದಲ್ಲಿದ್ದವನು ಮೂಗು ಮುಚ್ಚಿ
ಮುಂದಿನ ಸೀಟಿಗೆ ಎದ್ದು ಹೋದ.
ಒಳ್ಳೆಯದೇ ಆಯಿತು.
ಕಾಲು ಚಾಚಿ, ಸಾಸವಡದ ಘಾಟ್ ಇಳಿಯುವವರೆಗೂ
ಮಂದೆಯ ನಡುವೆ ಮಲಗಿದ್ದೆ.