ಐದು ಮಾರು

ನವೆಂಬರಿನ ಕೊನೆಯ ವಾರ. ಮಿನೆಸೋಟದ ಉತ್ತರದ ತುದಿ.
ದೋಣಿಗಳನ್ನೆಲ್ಲ ದಡಕ್ಕೆಳೆದು ಟಾರ್ಪಾಲು ಹೊದಿಸಿದ್ದಾರೆ.
ನೀರಲ್ಲಿ ಉಳಿದದ್ದು ನಮ್ಮದೊಂದೇ:
ನಾನು, ನನ್ನ ಅತ್ತೆ ವಿಯೆನೊ.
ಮದುವೆಯಾಗಿ ಎಂಟು ತಿಂಗಳು. ನಾವಿಬ್ಬರೂ ಈವರೆಗೆ
ಆಡಿದ ಮಾತು ಒಂದು ಬೊಗಸೆ.

ಮೂವತ್ತೊಂದು ವರ್ಷ ಕಬ್ಬಿಣದ ಗಣಿಯಲ್ಲಿ
ಅದಿರಿನ ಮಾದರಿ ತೂಗಿದವಳು.
ಈಗ ಮೋಟು ಕೋಲಿನ ತುದಿಯಲ್ಲಿ ತೂಗುತ್ತಾಳೆ
ಅಂಗೈಯುದ್ದದ ರಬ್ಬರು, ಹೊಟ್ಟೆಯಲ್ಲಿ ಸೀಸ,
ಬಾಲಕ್ಕೊಂದು ತಗಡಿನ ಎಲೆ.

"ಎಸೆಯಬೇಡ. ಇಳಿಸು.
ಎಸೆತವೆಲ್ಲ ಬೇಸಿಗೆಗೆ. ಈಗ ನೆಟ್ಟಗೆ,
ಬಾವಿಗೆ ಬಕೆಟ್ಟು ಬಿಟ್ಟ ಹಾಗೆ.
ಮೊಣಕೈಯಿಂದ ಒಮ್ಮೆ ಜಗ್ಗು, ಮೊಳದಷ್ಟು, ಹೆಚ್ಚು ಬೇಡ.
ಆಮೇಲೆ ಬೀಳಲಿಕ್ಕೆ ಬಿಡು. ಒಂಟಿಯಾಗಿ ಬಿಡಬೇಡ,
ಕೋಲಿನ ತುದಿ ಅದರ ಹಿಂದೆಯೇ ಇಳಿಯಲಿ,
ಮಗುವಿನ ಹಿಂದೆ ಮೆಟ್ಟಿಲಿಳಿಯುವ ಹಾಗೆ.
ಏರುವುದನ್ನು ಮಸ್ಕಿ ನೋಡುತ್ತದೆ, ಬೀಳುವುದನ್ನು ಕಚ್ಚುತ್ತದೆ."

"ಕಚ್ಚಿದ್ದು ಹೇಗೆ ಗೊತ್ತಾಗುತ್ತೆ?"

"ಎಳೆತಕ್ಕೆ ಕಾಯಬೇಡ. ತೂಕ ಕಾಣೆಯಾಗುತ್ತದೆ.
ತಳ ಬರುವ ಮೊದಲೇ ತಳ ಸಿಕ್ಕಿದ ಹಾಗೆ. ಆಗ ಹೊಡೆ."

ಇಷ್ಟು ಮಾತು ಒಟ್ಟಿಗೆ ಅವಳಿಂದ ಕೇಳಿದ್ದು ಅದೇ ಮೊದಲು.

ಅವಳ ದಾರದಲ್ಲಿ ಐದು ಮಾರಿಗೆ ಒಂದು ಕೆಂಪು ಗುರುತು,
ಉಗುರುಬಣ್ಣದ್ದು. ಅಂಗಳದಲ್ಲಿ ತೋಳು ಚಾಚಿ ಅಳೆದದ್ದು.
ಗುರುತು ನೀರು ಮುಟ್ಟಿದರೆ ಹೆಬ್ಬೆರಳು ರೀಲಿನ ಮೇಲೆ.
ಅದರಿಂದ ಕೆಳಗೆ ಇಳಿಸುವುದಿಲ್ಲ. ಯಾಕೆಂದು ನಾನು ಕೇಳಲಿಲ್ಲ.
ನನ್ನ ದಾರಕ್ಕೆ ಗುರುತಿಲ್ಲ. ಅವಳು ನಿಂತಲ್ಲಿ ನಾನೂ.

ಮೀನಿನ ಹೆಜ್ಜೆ ಯಾರಿಗೂ ಕಾಣದು ಅನ್ನುತ್ತಾರೆ.
ಸೋನಾರಿನ ತೆರೆಯಲ್ಲಿ ಕಾಣುತ್ತದೆ:
ಸಿಸ್ಕೋ ಮರಿಗಳ ಮೋಡ, ನೀಲಿ, ಚೂರುಚೂರು,
ಅದರಡಿ, ಎಂಟು ಮಾರಿನ ಹತ್ತಿರ,
ಒಂದು ಹಳದಿ ಕುಡುಗೋಲು, ಅಲುಗದೆ.

ಕೋಲಿನ ಉಂಗುರಗಳಿಗೆ ಮಂಜು ಕಟ್ಟಿತ್ತು.
ಅವಳು ತುದಿಯನ್ನು ನೀರಿಗದ್ದಿ ಕರಗಿಸುತ್ತಿದ್ದಳು, ಬೆನ್ನು ನನ್ನತ್ತ.
ನಾನು ಹೆಬ್ಬೆರಳು ಎತ್ತಿದೆ.
ಆರು. ಏಳು.
ಜಗ್ಗಿದೆ, ಬಿಟ್ಟೆ. ಜಗ್ಗಿದೆ, ಬಿಟ್ಟೆ. ಜಗ್ಗಿದೆ.
ಬಿಟ್ಟದ್ದು ಬೀಳಲೇ ಇಲ್ಲ.

ಆಮೇಲಿನದು ನನ್ನ ತೋಳಿಗೆ ಗೊತ್ತು, ನನಗಲ್ಲ.
ಕೂಗುತ್ತ ಸುತ್ತಿದೆ, ಸುತ್ತುತ್ತಲೇ ಇದ್ದೆ,
ಅವಳು "ಮೆಲ್ಲಗೆ, ಮೆಲ್ಲಗೆ" ಅಂದದ್ದು
ರಾತ್ರಿ ಹಾಸಿಗೆಯಲ್ಲಿ ಕೇಳಿಸಿತು.

ಬಲೆಗೆ ಬಂದದ್ದು ನನ್ನ ಎದೆಮಟ್ಟದ ಉದ್ದ,
ಕಿಲುಬು ಹತ್ತಿದ ತಾಮ್ರದ ಮೈ, ಮೇಲೆ ಮಸಿಯ ಪಟ್ಟೆ,
ಬಾತುಕೋಳಿಯ ಕೊಕ್ಕಿಗೆ ಗರಗಸ ಕೂರಿಸಿದ ಬಾಯಿ.
ಮತ್ತೆ ಹೊಟ್ಟೆ,
ಊದಿಕೊಂಡು, ಬೆಳ್ಳಗೆ, ಆಕಾಶದ ಕಡೆಗೆ.

"ಎಷ್ಟರಲ್ಲಿ?"
"ಏಳೂವರೆ."

ಬೈಯಲಿಲ್ಲ. ಫೋಟೋ ಅನ್ನಲಿಲ್ಲ.
ಇಕ್ಕಳದಿಂದ ಕೊಕ್ಕೆ ತುಂಡರಿಸಿದಳು, ಕೈಗವಸು ಕಳಚಿದಳು,
ಬಾಲದ ಬುಡ ಹಿಡಿದು, ಹೊಟ್ಟೆಗೆ ಅಂಗೈ ಕೊಟ್ಟು
ನೀರಲ್ಲೇ ನೆಟ್ಟಗೆ ನಿಲ್ಲಿಸಿದಳು.
ಕೈಬಿಟ್ಟರೆ ಮಗುಚುತ್ತದೆ. ಮತ್ತೆ ಹಿಡಿದಳು.
"ಮೇಲೆ ಬಂದಷ್ಟೂ ಒಳಗಿನ ಗಾಳಿ ಹಿಗ್ಗುತ್ತದೆ."
ಅಷ್ಟೇ.

ಅವಳ ಕೈ ಕೆಂಪಾಗಿ, ಬಿಳುಚಿ, ಕೊನೆಗೆ
ಬಣ್ಣವೇ ಇಲ್ಲವಾದಾಗ, "ನನಗೆ ಕೊಡಿ" ಅಂದೆ.
ಕೊಟ್ಟಳು.

ಇಷ್ಟು ತಣ್ಣನೆಯ ನೀರು ಸುಡುತ್ತದೆ.
ಕಿವಿರು ತೆರೆದು ಮುಚ್ಚುವುದನ್ನು ಎಣಿಸಿದೆ,
ಇನ್ನೂರರ ಮೇಲೆ ಲೆಕ್ಕ ತಪ್ಪಿತು.
ಒಮ್ಮೆ ಗುಳ್ಳೆಗಳ ಸರವೊಂದು ಹೊರಟಿತು,
ಬಹಳ ದಿನ ಬಿಗಿಹಿಡಿದ ಮಾತು ಬಿಟ್ಟ ಹಾಗೆ.
ಆಮೇಲೆ ಯಾವಾಗಲೋ ಅಂಗೈಯಲ್ಲಿ
ತೂಕ ಕಾಣೆಯಾಯಿತು.

ಬದುಕಿತೇ? ತೆರೆಯಲ್ಲಿ ಸ್ವಲ್ಪ ಹೊತ್ತು ಒಂದು ಗೆರೆ,
ಅದರ ಮೇಲೆ ಮೋಡ.
ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದ ವಿಯೆನೊ
ನನ್ನ ಬೆರಳು ಮಡಚುವುದಿಲ್ಲವೆಂದು ಕಂಡು
ತಾನೇ ನನ್ನ ಬಾಯಿಗೆ ಹಿಡಿದಳು.

ದಡದಲ್ಲಿ, ಪಿಕಪ್ಪಿನ ಬೆಳಕಲ್ಲಿ,
ಕೋಟಿನ ಜೇಬಿಂದ ಉಗುರುಬಣ್ಣದ ಸೀಸೆ ತೆಗೆದು
ನನ್ನ ದಾರದ ತುದಿ ಹಿಡಿದು ತೋಳು ಚಾಚಿದಳು. ಒಂದು.
ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.
"ನಿನ್ನ ತೋಳು ನನ್ನದಕ್ಕಿಂತ ಉದ್ದ.
ನೀನೇ ಅಳೆ. ನಾಲ್ಕೂವರೆ ಸಾಕು."