ಕಾಟಾದ ಮಾರಿ

ಬ್ಯಾಡಗಿಯ ತಗಡಿನ ಶೆಡ್ಡಿನೊಳಗ
ಕೂತು ಎದ್ದು ಹದಿನಾಲ್ಕು ವರ್ಷ.
ಮೆಣಸಿನಕಾಯಿ ತುಂಬು ಮುರಿದು ಮುರಿದು
ಹೆಬ್ಬೆರಳಿನ ಗೆರಿ ಸವದು
ರೇಷನ್ ಅಂಗಡಿ ಮಷೀನು ನನ್ನ ಗುರುತು ಹಿಡಿಯಂಗಿಲ್ಲ.

ಮೊದಲ ದಿನ ಸಣ್ಣವ್ವ ಹೇಳಿದ್ದು ಇಷ್ಟ:
'ಕೈಗೆ ಎಣ್ಣಿ ಹಚ್ಚಿಕೋ, ಮೂಗಿಗೆ ಸೆರಗು ಕಟ್ಟಿಕೋ.
ನಮ್ಮ ಕೈ ನಾವ ಕಾಯ್ಕೋಬೇಕು, ಮಗಳ,
ಮೆಣಸಿನಕಾಯಿಗೆ ಖಾರ ಬಿಡು ಅನ್ನಾಕ ಬರತೈತೇನು?'
ಹಚ್ಚಿಕೊಂಡೆ. ಕಟ್ಟಿಕೊಂಡೆ.
ರಾತ್ರಿ ಕೂಸಿನ ಕೆನ್ನಿ ಮೊಣಕೈಲೆ ಸವರಿದೆ.

ಹ್ವಾದ ವರ್ಷ ಆ ಕೂಸಿನ ಪಾಟಿ ಮ್ಯಾಲ ಅಂಕಿ ಕಲತೆ.
ಒಂಬತ್ತರ ಬಾಲ ಯಾವ ಕಡೆ ಅಂತ
ರೊಟ್ಟಿ ಹಿಟ್ಟಿನ ಮ್ಯಾಲ ಬರದೆ, ಅಳಿಸಿದೆ, ಬರದೆ.
ಎರಡು ರೊಟ್ಟಿ ಹೊತ್ತಿದವು.
ನಲವತ್ತೊಂದಕ್ಕ ಅಂಕಿ ಓದಬಲ್ಲೆ ಅನ್ನೋ ಸೊಕ್ಕಿನಾಗ
ಬುಟ್ಟಿ ಎತ್ತಿ ಕಾಟಾದ ಮ್ಯಾಲ ಇಟ್ಟರ

ಕಾಟಾದ ಮಾರಿ ಮುನೀಮನ ಕಡೆ.
ಕೆಂಪು ಅಂಕಿ ಅವನ ಚಾಳೀಸಿನಾಗ ಹೊಳೀತಿದ್ದವು,
ತಿರುವು ಮುರುವು.
'ಎಂಟೂವರಿ' ಅಂದ, ತಲಿ ಎತ್ತದ.
ಕಲತದ್ದು ನನ್ನ ಹೊಟ್ಟ್ಯಾಗ ಉಳೀತು.

ಹುಸೇನಬಿಗೆ ಹೇಳಿದೆ. ಅಕಿ ನೀಲವ್ವಗ ಹೇಳಿದಳು.
ಸೋಮವಾರ, ಲಾರಿ ಬಾಗಲಕ್ಕ ಬಂದು ನಿಂತಾಗ
ಮೂವತ್ತೆರಡು ಹೆಂಗಸರು
ಕೈ ತೊಡಿ ಮ್ಯಾಲ ಇಟ್ಟು ಕೂತೆವು.
ಯಾರೂ ಕೂಗಲಿಲ್ಲ. ಸೀನತಿದ್ದೆವು, ಅಷ್ಟ.
ಮೂರು ಗಂಟೇಕ ಮುನೀಮ
ತನ್ನ ಹಲ್ಲು ತಾನ ಕಿತ್ತು ಕೊಟ್ಟವರಂಗ
ಕಾಟಾ ಅರ್ಧ ಸುತ್ತು ತಿರುಗಿಸಿದ.

ತಿರುಗಿದ್ದೇನೋ ಖರೇ.
ಮೂವತ್ತೊಂದು ಮಂದಿ ಅಂಕಿ ನೋಡಲಿಲ್ಲ,
ನನ್ನ ಬಾಯಿ ನೋಡಿದರು:
'ಎಷ್ಟೈತಿ, ಸಾವಂತ್ರಕ್ಕಾ?'

ಮುಚ್ಚಿಡೂದಿಲ್ಲ. ಆ ಹೊತ್ತಿನಾಗ
ಮುನೀಮನ ಚಾಳೀಸು ನನ್ನ ಮೂಗಿನ ಮ್ಯಾಲ ಬಂದು ಕೂತಂಗಾತು.
ಹಿತ ಅನಿಸ್ತು.
ಅವತ್ತು ಉಂಡದ್ದು ಮೈಗೆ ಹತ್ತಲಿಲ್ಲ.

ಈಗ ಸಂಜಿಗೆ ನನ್ನ ಕಟ್ಟಿ ಮ್ಯಾಲ ಒಂಬತ್ತು ಮಂದಿ,
ಇದ್ದಿಲು, ಒಡದ ಹಂಚು.
ಉಳದವರು ಬರಂಗಿಲ್ಲ: ದಣಿವು, ಗಂಡ, ಧಾರಾವಾಹಿ.
ನೀಲವ್ವ ಬಂದರೂ ಎಲಿ ಅಡಕಿಗೆ ಬರತಾಳ.
'ನನಗ್ಯಾಕ ಇದು? ನೀ ಓದಿ ಹೇಳತೀ, ಸಾಕು.'
'ನಾ ಸುಳ್ಳು ಹೇಳಿದರ?'
ನಕ್ಕಳು. ನಗು ನಡುವ ನಿಂತಿತು.
ಇದ್ದಿಲು ತಾ ಅಂತ ಕೈ ಚಾಚಿದಳು,
ಬೆರಳು ಕೆಂಡ ಆಗಿದ್ದವು.

ಮೊದಲು ಎಣ್ಣಿ ಕೊಟ್ಟೆ.